ಸ್ವಾವಲಂಬಿ ಮನೆಯೋ, ಸ್ವಾವಲಂಬಿ ಬಡಾವಣೆಯೋ

ಬೆಂಗಳೂರಿನಿಂದ ಯಾವ ದಿಕ್ಕಿನ ರಸ್ತೆ ಹಿಡಿದರೂ ರಾಗಿ ಹೊಲಗಳ ನಡುವೆ ಕಲ್ಲು ನೆಟ್ಟು ಸೈಟು ಮಾಡಿದ ಬಡಾವಣೆಗಳು ಸಿಗುತ್ತವೆ. ಮನೆಗಳಿಗಿಂತ ಮೊದಲು ಡಾಂಬರು ಬಂದಿರುತ್ತದೆ, ಬೀದಿದೀಪ ಬಂದಿರುತ್ತದೆ. ನೀರು ಎಲ್ಲಿಂದ ಬರುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಇತ್ಯರ್ಥವಾಗಿರುವುದಿಲ್ಲ. ಇದನ್ನು ಕಂಡು ಬೇಸತ್ತ ಹಲವರು ಈಚೆಗೆ ಬೇರೊಂದು ದಾರಿ ಹುಡುಕಿದ್ದಾರೆ. ಊರಾಚೆ ಕಾಲು ಎಕರೆಯೋ ಅರ್ಧ ಎಕರೆಯೋ ಕೊಂಡು, ಮಣ್ಣಿನ ಇಟ್ಟಿಗೆಯ ಗೋಡೆ ಎಬ್ಬಿಸಿ, ಮಾಡಿನ ಮೇಲೆ ಸೌರಫಲಕ ಹಾಕಿ, ಮಳೆನೀರು ಹಿಡಿದು, ಹಿತ್ತಲಲ್ಲಿ ತರಕಾರಿ ಬೆಳೆದು ಯಾರ ಹಂಗೂ ಇಲ್ಲದೆ ಬದುಕುವುದು. ಈ ಆಸೆಯ ಹಿಂದಿನ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ನಗರ ಹೀಗೆ ಹರಡಿಕೊಳ್ಳುವುದಕ್ಕೆ ಇದು ಪರ್ಯಾಯವೇ? ಒಂದು ಕಾಂಪೌಂಡಿನೊಳಗೇ ಸ್ವಾವಲಂಬನೆಯನ್ನು ಹುಡುಕುತ್ತ ಹೋದರೆ ನಗರ ಇನ್ನಷ್ಟು ಹರಡುತ್ತದೆ ಎಂಬುದು ನನ್ನ ವಾದ.

ಮೊದಲಿಗೆ, ಒಂದು ಮನೆ ತನ್ನಷ್ಟಕ್ಕೆ ಏನು ಮಾಡಬಲ್ಲದು ಎಂಬುದನ್ನು ಕಡೆಗಣಿಸುವಂತಿಲ್ಲ. ಮಳೆನೀರು ಸಂಗ್ರಹದ ಪ್ರಚಾರಕ್ಕೆ ಬದುಕನ್ನೇ ಕೊಟ್ಟ ವಿಜ್ಞಾನಿ ಎ.ಆರ್. ಶಿವಕುಮಾರ್ ಬೆಂಗಳೂರಿನಲ್ಲಿ 1995ರಲ್ಲಿ ಕಟ್ಟಿಸಿದ ಮನೆ ದಶಕಗಳ ಕಾಲ ಮಳೆನೀರಿನಲ್ಲೇ ನಡೆದುಕೊಂಡು ಬಂದಿದೆ. ಇದರಲ್ಲಿ ಪವಾಡವೇನೂ ಇಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 950 ಮಿಲಿಮೀಟರ್ ಮಳೆ ಬೀಳುತ್ತದೆ. ನಲವತ್ತು–ಅರವತ್ತರ ಸೈಟಿನಲ್ಲಿ 150 ಚದರ ಮೀಟರ್ ತಾರಸಿ ಇದ್ದರೆ, ಮೊದಲ ಮಳೆಯ ಕೊಳೆನೀರು ಮತ್ತು ಪೋಲಾಗುವುದನ್ನು ಕಳೆದು ಒಂದು ಲಕ್ಷ ಇಪ್ಪತ್ತು ಸಾವಿರ ಲೀಟರಿನಷ್ಟು ಕೈಗೆ ಸಿಗುತ್ತದೆ. ನಾಲ್ಕು ಜನರ ಸಂಸಾರಕ್ಕೆ ತಲೆಗೆ ದಿನಕ್ಕೆ 80 ಲೀಟರ್. ಹಿಡಿತದಲ್ಲಿ ಬಳಸಿದರೆ ಸಾಕು. ಏಪ್ರಿಲಿನಿಂದ ನವೆಂಬರಿನವರೆಗೆ ಮಳೆ ಹಂಚಿಕೊಂಡು ಬರುವುದರಿಂದ ದಾಟಿಕೊಳ್ಳಬೇಕಾದದ್ದು ಉಳಿದ ನಾಲ್ಕು ಒಣ ತಿಂಗಳನ್ನು; ಅದಕ್ಕೆ 40,000 ಲೀಟರಿನ ಸಂಪು ಬೇಕು. ಖರ್ಚಿನ ಕೆಲಸ ಹೌದು, ಆಗದ ಕೆಲಸವಲ್ಲ.

ಗೋಡೆಯ ವಿಷಯದಲ್ಲೂ ದಾರಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸಲು ಹುಟ್ಟಿದ್ದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಪ್ರಯೋಗಗಳು ನಡೆದವು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅಲ್ಲಿ ಬೆಳೆಸಿದ್ದು ಗಟ್ಟಿಗೊಳಿಸಿದ ಮಣ್ಣಿನ ಇಟ್ಟಿಗೆ. ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಹದಗೊಳಿಸುವ ಈ ಇಟ್ಟಿಗೆಗೆ ಸುಟ್ಟ ಇಟ್ಟಿಗೆಯ ಕಾಲು ಭಾಗದಷ್ಟು ಶಕ್ತಿ ಸಾಕೆಂದು ಅವರ ಲೆಕ್ಕಗಳು ತೋರಿಸಿವೆ. ಹಳ್ಳಿಯ ಬಡವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ಇಟ್ಟಿಗೆಯನ್ನು ಇಂದು ಹೆಚ್ಚಾಗಿ ಬಯಸಿ ಕಟ್ಟಿಸಿಕೊಳ್ಳುತ್ತಿರುವವರು ನಗರದ ಅನುಕೂಲಸ್ಥರು. ಹಳ್ಳಿಯವನಿಗೆ ಮಣ್ಣಿನ ಮನೆಯೆಂದರೆ ಸೋರುವ ಮಾಡು, ವರ್ಷವರ್ಷ ಸಾರಣೆ. ಅವನ ಕಣ್ಣಿಗೆ ಮರ್ಯಾದೆಯಾಗಿ ಕಾಣುವುದು ಆರ್‌ಸಿಸಿ ತಾರಸಿ. ಅವನನ್ನು ದೂರುವ ಹಕ್ಕು ನಮಗಿಲ್ಲ. ಪರಿಸರಸ್ನೇಹಿ ಮನೆ ಎಂಬುದು ಅನುಕೂಲಸ್ಥರ ಅಭಿರುಚಿಯಾಗಿ ನಿಂತುಬಿಟ್ಟರೆ ಆ ವಿಜ್ಞಾನಿಗಳ ಉದ್ದೇಶವೇ ಸೋತಂತೆ ಎಂಬುದನ್ನಷ್ಟೇ ಹೇಳಬೇಕಿದೆ.

ಈಗ ಊರಾಚೆಯ ಅರ್ಧ ಎಕರೆಯ ಲೆಕ್ಕಕ್ಕೆ ಬರೋಣ. ಆ ಮನೆಯವರು ಕೆಲಸಕ್ಕೆ ದಿನಕ್ಕೆ ಹೋಗಿಬರುವ ದಾರಿ 50 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ವರ್ಷದಲ್ಲಿ 250 ದಿನ ಕಾರು ಓಡಿದರೆ 12,500 ಕಿಲೋಮೀಟರ್. ಲೀಟರಿಗೆ ಹದಿನೈದರಂತೆ 830 ಲೀಟರ್ ಪೆಟ್ರೋಲು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಟ್ಟು 1,900 ಕಿಲೋ. ದಿನಕ್ಕೆ ಆರು ಯೂನಿಟ್ ಕರೆಂಟು ಬಳಸುವ ಅದೇ ಮನೆ ಪೂರ್ತಿಯಾಗಿ ಸೂರ್ಯನನ್ನೇ ನಂಬಿದರೆ, ನಮ್ಮ ವಿದ್ಯುತ್ ಜಾಲದ ಕಲ್ಲಿದ್ದಲಿನ ಲೆಕ್ಕದಲ್ಲಿ, ವರ್ಷಕ್ಕೆ ಉಳಿಸುವುದು ಸುಮಾರು 1,500 ಕಿಲೋ. ತಾರಸಿ ಉಳಿಸಿದ್ದಕ್ಕಿಂತ ಹೆಚ್ಚನ್ನು ಕಾರು ಹೊರಬಿಟ್ಟಿರುತ್ತದೆ. ಹಾಲು, ಔಷಧಿ, ಮಕ್ಕಳ ಶಾಲೆ ಎಂದು ಮತ್ತೆ ಮತ್ತೆ ಗಾಡಿ ತೆಗೆಯುವುದು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಭೂಮಿಯ ಲೆಕ್ಕ ಇದಕ್ಕಿಂತ ಕಷ್ಟದ್ದು. ಬೆಂಗಳೂರಿನ ಒಂದು ಲಕ್ಷ ಕುಟುಂಬಗಳು ತಲಾ ಕಾಲು ಎಕರೆಯಲ್ಲಿ ಸ್ವಾವಲಂಬಿಗಳಾಗಲು ಹೊರಟರೆ 25,000 ಎಕರೆ ಬೇಕು, ಅಂದರೆ ನೂರು ಚದರ ಕಿಲೋಮೀಟರ್. ಬಿಬಿಎಂಪಿಯ ವ್ಯಾಪ್ತಿ ಇದ್ದದ್ದೇ ಸುಮಾರು 710 ಚದರ ಕಿಲೋಮೀಟರ್. ಜನಸಂಖ್ಯೆಯ ಸಣ್ಣದೊಂದು ಪಾಲಿಗೆ ಅದರ ಏಳನೇ ಒಂದರಷ್ಟು ನೆಲ. ಆ ನೆಲ ಬರುವುದು ಈಗಾಗಲೇ ರಾಗಿ, ಸೊಪ್ಪು, ಹೂವು, ರೇಷ್ಮೆ ಬೆಳೆಯುತ್ತಿರುವ ರೈತನಿಂದ. ಅವನು ಅದೇ ಕಾಲು ಎಕರೆಯಲ್ಲಿ ಹತ್ತಾರು ಮನೆಗಳಿಗೆ ಸೊಪ್ಪು ಬೆಳೆಯುತ್ತಿದ್ದ. ಹೊಸ ಒಡೆಯರು ತಮ್ಮೊಂದು ಮನೆಗಾಗುವಷ್ಟು ಬೆಳೆಯುತ್ತಾರೆ. ಅನ್ನದಲ್ಲಿ ಸ್ವಾವಲಂಬನೆ ನಗರದ ಮನೆಯ ಕೆಲಸವಲ್ಲ ಎಂದು ಸ್ಪಷ್ಟವಾಗಿ ಒಪ್ಪಿಕೊಳ್ಳಬೇಕು. ನಾಲ್ಕು ಕುಂಡದಲ್ಲಿ ಬಸಳೆ, ಕರಿಬೇವು ಬೆಳೆಯುವ ಸುಖ ಬೇರೆ. ಊರಿಗೆ ಅನ್ನ ಹಾಕುವ ಹಳ್ಳಿಗಳು ಹಳ್ಳಿಗಳಾಗಿಯೇ ಉಳಿಯಬೇಕಾದರೆ ನಗರದವರು ಹತ್ತಿರ ಹತ್ತಿರ ವಾಸಿಸುವುದನ್ನು ಕಲಿಯಬೇಕು.

ಜರ್ಮನಿಯ ಫ್ರೈಬುರ್ಗ್ ನಗರದ ವೋಬಾನ್ ಬಡಾವಣೆ ಹಾಗೆ ಕಲಿತವರ ಊರು. ಫ್ರೆಂಚ್ ಸೇನೆ ಬಿಟ್ಟುಹೋದ ಶಿಬಿರದ ಜಾಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಮೂರು ನಾಲ್ಕು ಅಂತಸ್ತಿನ ಮನೆಗಳಲ್ಲಿ ಇದ್ದಾರೆ. ಅನೇಕ ಕಟ್ಟಡಗಳನ್ನು ಕುಟುಂಬಗಳೇ ಗುಂಪುಗೂಡಿ ಕಟ್ಟಿಸಿಕೊಂಡವು. ಬಹುಪಾಲು ಬೀದಿಗಳಲ್ಲಿ ಮನೆಮುಂದೆ ಕಾರು ನಿಲ್ಲಿಸುವಂತಿಲ್ಲ, ಅದಕ್ಕೆ ಬಡಾವಣೆಯ ಅಂಚಿನಲ್ಲಿ ಜಾಗವಿದೆ. 2006ರಿಂದ ಟ್ರಾಮ್ ನಡುವೆಯೇ ಹಾಯುತ್ತದೆ. ಅಲ್ಲಿಯ ಚಳಿಗಾಲದ ಮನೆ ನಮಗೆ ಮಾದರಿಯಾಗಲಾರದು. ಊರೊಳಗಿನ ಹಳೆಯ ಜಾಗವನ್ನೇ ಮತ್ತೆ ಬಳಸಿದ್ದು, ಬಸ್ಸು ಟ್ರಾಮುಗಳನ್ನು ಮನೆಗಳ ಜೊತೆಯಲ್ಲೇ ಯೋಚಿಸಿದ್ದು ಮಾದರಿಯಾಗಬಹುದು. ಬೆಂಗಳೂರಿನಲ್ಲಿ ಹಂಚಿಕೆಯಾಗಿ ಎಷ್ಟೋ ವರ್ಷವಾದರೂ ಪಾರ್ಥೇನಿಯಂ ಬೆಳೆದುಕೊಂಡು ಬಿದ್ದಿರುವ ಸೈಟುಗಳು ಯಾವ ಬಡಾವಣೆಯಲ್ಲಿ ಇಲ್ಲ? ಅವು ತುಂಬುವ ಮೊದಲೇ ಇನ್ನೊಂದು ಹೋಬಳಿಯ ಹೊಲಗಳಿಗೆ ನೋಟಿಸು ಹೋಗುತ್ತದೆ.

ಹತ್ತಿರ ಹತ್ತಿರ ವಾಸಿಸಿದರೆ ಮಳೆನೀರು ಸಾಲದಲ್ಲ ಎಂಬ ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ನಿಜ, ಸಾಲದು. ಮೇಲೆ ಹೇಳಿದ ಅದೇ ನಲವತ್ತು–ಅರವತ್ತರ ಸೈಟಿನಲ್ಲಿ ಎಂಟು ಸಂಸಾರಗಳು ಇದ್ದರೆ ತಾರಸಿಯ ಮಳೆ ತಲೆಗೆ ದಿನಕ್ಕೆ ಹತ್ತು ಲೀಟರಿಗೆ ಇಳಿಯುತ್ತದೆ. ಕುಡಿಯಲು, ಅಡುಗೆಗೆ ಸಾಕು. ಸ್ನಾನಕ್ಕೆ, ಬಟ್ಟೆಗೆ, ಕಕ್ಕಸಿಗೆ ಸಾಲದು. ಆದರೆ ಆ ಎಂಟು ಮನೆಗಳಿಂದ ಹೊರಹೋಗುವ ಬಳಸಿದ ನೀರನ್ನು ಲೆಕ್ಕ ಹಾಕಿ ನೋಡಿ. ತಲೆಗೆ 80 ಲೀಟರ್ ಬಳಸಿ ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಚರಂಡಿಗೆ ಹೋದರೂ ವರ್ಷಕ್ಕೆ ಏಳೂವರೆ ಲಕ್ಷ ಲೀಟರ್ ಆಗುತ್ತದೆ. ತಾರಸಿಯ ಮಳೆಗಿಂತ ಆರು ಪಟ್ಟು! ಬೇಸಿಗೆಯಲ್ಲೂ ತಪ್ಪದೆ ಹರಿಯುವ ನೀರು ಅದೊಂದೇ. ದಟ್ಟವಾಗಿ ಕಟ್ಟಿದ ಊರಿನ ದೊಡ್ಡ ಜಲಮೂಲ ಅದರ ಚರಂಡಿ.

ಅದನ್ನು ಮತ್ತೆ ಬಳಸುವ ಹದಕ್ಕೆ ತರುವುದು ಎಂಟು ಮನೆಗಳ ಕೈಯಲ್ಲಿ ಆಗದು. ಚಿಕ್ಕ ಶುದ್ಧೀಕರಣ ಘಟಕವನ್ನು ನೋಡಿಕೊಳ್ಳಲು ಪೂರ್ಣಾವಧಿ ಕೆಲಸಗಾರನನ್ನು ಇಡಲು ಸಾಧ್ಯವಿಲ್ಲ. ಸೂಕ್ಷ್ಮಜೀವಿಗಳಿಗೆ ಗಾಳಿ ಊದುವ ಯಂತ್ರ ನಿಂತರೆ ಘಟಕ ನಾರುತ್ತದೆ, ನಾತ ಬಂದಾಗ ನಿವಾಸಿಗಳು ಮುಚ್ಚಿಸುತ್ತಾರೆ, ನೀರು ಮತ್ತೆ ಮೋರಿಗೆ. ಇನ್ನೂರು ಮುನ್ನೂರು ಮನೆಗಳು ಸೇರಿದರೆ ತಿಳಿದವನೊಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬಹುದು; ಘಟಕದ ನೀರು ಕಕ್ಕಸಿಗೆ, ಗಿಡಗಳಿಗೆ, ಕಟ್ಟಡದ ಕೆಲಸಕ್ಕೆ ಒದಗುತ್ತದೆ. ಸ್ವಾವಲಂಬನೆಯ ಕನಿಷ್ಠ ಘಟಕ ಬಡಾವಣೆ ಎಂದು ನಾನು ಹೇಳುವುದು ಇದಕ್ಕೇ.

ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯ ಅನುಭವದಲ್ಲಿ ಈ ಮಾತಿನ ಬಲವೂ ಇದೆ, ಮಿತಿಯೂ ಇದೆ. ಕಾವೇರಿ ನೀರು ಮುಟ್ಟದ ಕಡೆ ಕೊಳವೆಬಾವಿಗಳು ಬತ್ತುತ್ತ ಬಂದಾಗ ಅಲ್ಲಿಯ ನಿವಾಸಿಗಳು ಒಟ್ಟಾಗಿ ಕುಳಿತು ಯೋಚಿಸಿದರು. ಮನೆಮನೆಗೆ ಸ್ವಂತ ಕೊಳವೆಬಾವಿ ಬೇಡವೆಂದು ನಿಯಮ ಮಾಡಿಕೊಂಡರು, ಹೆಚ್ಚು ಬಳಸಿದವರಿಗೆ ಹೆಚ್ಚು ದರ ಹಾಕಿದರು, ಬೀದಿಬೀದಿಯಲ್ಲಿ ಇಂಗುಬಾವಿ ತೋಡಿಸಿದರು, ಕೊಳಚೆಯನ್ನು ಶುದ್ಧಗೊಳಿಸಿದರು. ಹೊರಗಿನ ಟ್ಯಾಂಕರಿಗೆ ಕೈಚಾಚದ ಬಡಾವಣೆ ಎಂದು ಹೆಸರಾಯಿತು. 2022ರ ಸೆಪ್ಟೆಂಬರಿನಲ್ಲಿ ಸುರಿದ ಮಳೆಗೆ ಅದೇ ಬಡಾವಣೆ ಮುಳುಗಿತು. ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಆ ಭಾಗವೆಲ್ಲ ಕೆರೆಯಿಂದ ಕೆರೆಗೆ ನೀರು ಇಳಿಯುವ ಸರಣಿಯ ನೆಲ. ರಾಜಕಾಲುವೆ ಕಿರಿದಾಗಿ ಕೋಡಿಯ ನೀರಿಗೆ ದಾರಿ ಕಟ್ಟಿದಾಗ, ತನ್ನೊಳಗೆ ಎಲ್ಲವನ್ನೂ ಸರಿಯಾಗಿ ಮಾಡಿಕೊಂಡ ಬಡಾವಣೆಯೂ ಪಾರಾಗಲಿಲ್ಲ. ಈ ಜನರ ಶ್ರಮವನ್ನು ನಾನು ಕಡಿಮೆ ಮಾಡಿ ನೋಡುತ್ತಿಲ್ಲ. ಬಡಾವಣೆ ತನ್ನ ಕಾಂಪೌಂಡಿನ ಒಳಗನ್ನು ನೋಡಿಕೊಂಡರೆ ಸಾಲದು, ಮೇಲಿನ ಕೆರೆಗೂ ಕೆಳಗಿನ ಕೆರೆಗೂ ಅದು ಲೆಕ್ಕ ಒಪ್ಪಿಸಬೇಕು ಎಂಬುದು ಅಂದು ಕಣ್ಣಿಗೆ ಕಂಡಿತು.

ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆಗಳಿಗೆ ಈ ಲೆಕ್ಕ ಒಪ್ಪಿಸುವುದನ್ನು ನಾವು ಬಿಟ್ಟು ನೂರು ವರ್ಷದ ಮೇಲಾಯಿತು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ನೂರು ಕಿಲೋಮೀಟರ್ ಆಚೆಯ ಕಾವೇರಿಯಿಂದ. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಎತ್ತಲು ಹಗಲಿರುಳು ಕರೆಂಟು ಸುಡುತ್ತದೆ. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ನೀರು ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರಹತ್ತಿರ ಅರ್ಧ ಬತ್ತಿವೆಯೆಂದು ಸರ್ಕಾರವೇ ಹೇಳಿತ್ತು. ಬಡಾವಣೆ ಮೊದಲು, ನೀರು ಹದಿನೇಳು ವರ್ಷದ ನಂತರ.

ಈ ಕ್ರಮವನ್ನು ತಿರುಗಿಸುವುದು ಸಾಧ್ಯ. ಇಂದು ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವಾಗ ರಸ್ತೆಯ ಅಗಲ, ಉದ್ಯಾನದ ಪಾಲು, ನಾಗರಿಕ ಸೌಲಭ್ಯದ (ಸಿಎ) ಸೈಟುಗಳನ್ನು ಅಳೆಯುತ್ತಾರೆ. ಅದರ ಜೊತೆಗೆ ನೀರು ಮತ್ತು ಸಾರಿಗೆಯ ಪಟ್ಟಿಯೊಂದನ್ನೂ ಕೇಳಬೇಕು: ಈ ಜಾಗದಲ್ಲಿ ಎಷ್ಟು ಮಳೆ ಬೀಳುತ್ತದೆ, ಎಷ್ಟನ್ನು ಹಿಡಿಯುತ್ತೀರಿ, ಎಷ್ಟು ಇಂಗಿಸುತ್ತೀರಿ, ಬಳಸಿದ ನೀರು ಎಲ್ಲಿ ಶುದ್ಧವಾಗಿ ಯಾವ ಕೆರೆಗೆ ಹೋಗುತ್ತದೆ, ಬಸ್ಸು ನಿಲ್ಲುವ ಜಾಗ ಎಷ್ಟು ನಡಿಗೆ ದೂರ. ಪಟ್ಟಿ ಸರಿದೂಗದಿದ್ದರೆ ಸೈಟು ನೋಂದಣಿಯಾಗಬಾರದು. ಮನೆಮಾಲೀಕನೊಬ್ಬನ ಮೇಲೆ ಹೊರಿಸಿದ ನಿಯಮದ ಗತಿ ನಾವು ಕಂಡಿದ್ದೇವೆ. ಮಳೆಕೊಯ್ಲನ್ನು ಕಡ್ಡಾಯ ಮಾಡಿದ 2009ರ ಕಾನೂನು ತಿದ್ದುಪಡಿಯಾದ ಮೇಲೂ ಎಷ್ಟೋ ಮನೆಗಳು ಪೈಪು ಹಾಕುವ ಬದಲು ಜಲಮಂಡಳಿಗೆ ದಂಡ ಕಟ್ಟುತ್ತಿವೆ.

ಇದರಿಂದ ಸೈಟಿನ ಬೆಲೆ ಏರುತ್ತದೆ, ಬಡವರಿಗೆ ಎಟುಕದಂತಾಗುತ್ತದೆ ಎಂದು ಬಡಾವಣೆ ಮಾಡುವವರು ವಾದಿಸುತ್ತಾರೆ. ಆತಂಕ ಸುಳ್ಳಲ್ಲ, ಅದಕ್ಕೇ ಇನ್ನೂರು ಮನೆಗಳ ಲೆಕ್ಕದಲ್ಲಿ ಇಷ್ಟು ಪಾಲು ಚಿಕ್ಕ ಮನೆಗಳಿರಬೇಕೆಂಬ ನಿಯಮ ಪಟ್ಟಿಯ ಜೊತೆಗೇ ಬರಬೇಕು. ಅಗ್ಗದ ಸೈಟಿನ ಮಿಕ್ಕ ಬೆಲೆಯನ್ನು ಈಗ ತೆರುತ್ತಿರುವವರು ಅದನ್ನು ಮಾರಿದವರಲ್ಲ. ಕೊಂಡವನು ವರ್ಷಗಟ್ಟಲೆ ಟ್ಯಾಂಕರಿಗೆ ತೆರುತ್ತಾನೆ. ಅವನ ಬಚ್ಚಲ ನೀರು ಹರಿದುಬರುವ ಕೆರೆಯ ಕೆಳಗೆ ಗದ್ದೆ ಇರುವ ರೈತನೂ ತೆರುತ್ತಾನೆ.