ನಡುವಣ ನುಡಿ

ಮನುಷ್ಯನು ಬರೆದ ಪ್ರೋಗ್ರಾಮನ್ನು ಗಣಕಯಂತ್ರದ ಸೊನ್ನೆ-ಒಂದುಗಳ ನುಡಿಗೆ ಪರಿವರ್ತಿಸುವ ಸಾಧನವೇ ಕಂಪೈಲರ್. ಹತ್ತು ಪ್ರೋಗ್ರಾಮಿಂಗ್ ಭಾಷೆಗಳನ್ನು ಹತ್ತು ಬಗೆಯ ಯಂತ್ರಗಳಿಗೆ ನೇರವಾಗಿ ತಿಳಿಸಹೊರಟರೆ ನೂರು ಕಂಪೈಲರುಗಳು ಬೇಕು. ಎಲ್ಲಕ್ಕೂ ಸಮಾನವಾದ ನಡುವಣ ನುಡಿಯೊಂದಿದ್ದರೆ, ಭಾಷೆಗೊಂದು, ಯಂತ್ರಕ್ಕೊಂದು ಎಂದು ಇಪ್ಪತ್ತು ಭಾಗಗಳು ಸಾಕು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 2000ನೆಯ ಇಸವಿಯಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಅಡ್ವೆ ಆರಂಭಿಸಿದ ಎಲ್‌ಎಲ್‌ವಿಎಂ ಈ ತತ್ತ್ವದ ಮೇಲೆ ನಿಂತಿದೆ. ತರುವಾಯ ಬಂದ ರಸ್ಟ್, ಸ್ವಿಫ್ಟ್ ಭಾಷೆಗಳು ಯಂತ್ರನುಡಿಯನ್ನು ರಚಿಸುವ ಹೊಣೆಯನ್ನು ಅದಕ್ಕೇ ಒಪ್ಪಿಸಿದವು.

ನಡುವಣ ಭಾಗದಲ್ಲಿ ದೋಷವಿದ್ದರೆ ಅದು ಎಲ್ಲರನ್ನೂ ತಟ್ಟುವುದೆಂಬ ಆಕ್ಷೇಪವುಂಟು. ನಿಜ, ಆದರೆ ಒಮ್ಮೆ ತಿದ್ದಿದರೆ ಅದರ ಫಲವೂ ಎಲ್ಲರಿಗೂ ದೊರೆಯುತ್ತದೆ. ಅಖಂಡವಾದ ಕಟ್ಟಡದಲ್ಲಾದರೋ ಒಂದು ಕಲ್ಲನ್ನು ಕದಲಿಸಿದರೆ ಗೋಡೆಯೇ ಅಲುಗುತ್ತದೆ. ಇನ್ನೂ ಹುಟ್ಟದ ಭಾಷೆಗೂ ಬಾಗಿಲನ್ನು ಇಟ್ಟು ಕಟ್ಟುವವನೇ ಜಾಣ ಶಿಲ್ಪಿ.