ನಮ್ಮ ಲೆಕ್ಕ ನಮ್ಮ ಕೈಗೆ ಬರಲಿ



ನಮ್ಮ ಲೆಕ್ಕ ಎಲ್ಲರ ಹತ್ತಿರವೂ ಇದೆ, ನಮ್ಮ ಹತ್ತಿರ ಮಾತ್ರ ಇಲ್ಲ. ಜಮೀನಿನ ಲೆಕ್ಕ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿದೆ. ಸಾಲದ ಲೆಕ್ಕ ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿದೆ. ಮಾರಿದ ಮಾಲಿನ ಲೆಕ್ಕ ಮಂಡಿಯವನ ಪುಸ್ತಕದಲ್ಲಿದೆ. ಗೊಬ್ಬರದ ಉದ್ರಿ ಅಂಗಡಿಯವನ ಹತ್ತಿರ ಇದೆ. ಇಷ್ಟು ಜನ ನಮ್ಮ ಲೆಕ್ಕ ಬರೆದಿಟ್ಟುಕೊಂಡಿದ್ದಾರೆ. ಆದರೆ ಒಂದು ಕ್ವಿಂಟಾಲ್ ರಾಗಿ ಬೆಳೆಯೋಕೆ ನಿಮಗೆ ಎಷ್ಟು ಬಿತ್ತು ಸ್ವಾಮಿ ಅಂತ ಯಾರಾದರೂ ಕೇಳಿದರೆ ನಾವು ಆಕಾಶ ನೋಡುತ್ತೇವೆ. "ಅಸಲೂ ಗಿಟ್ಟಲಿಲ್ಲ ಬಿಡಿ" ಅನ್ನುತ್ತೇವೆ. ಅಸಲು ಎಷ್ಟು ಅಂತ ಹೇಳೋಕೆ ಬಾರದವರು ಅದು ಗಿಟ್ಟಲಿಲ್ಲ ಅಂತ ಸರ್ಕಾರದ ಮುಂದೆ ಸಾಧಿಸುವುದು ಹೇಗೆ?

ಲೆಕ್ಕ ಇಡೋಕೆ ಗುಮಾಸ್ತರು ಬೇಕು, ನಮಗೆಲ್ಲಿ ಪುರುಸೊತ್ತು ಅನ್ನುವ ಕಾಲ ಹೋಯಿತು. ಹಳ್ಳಿಯ ಬಹುಪಾಲು ಮನೆಗಳಲ್ಲಿ ಒಂದಾದರೂ ಸ್ಮಾರ್ಟ್ ಫೋನ್ ಇದೆ. ಸಾಲದ ಕಂಪನಿಯವರು, ಮೋಸಗಾರರು ಆ ಫೋನನ್ನು ನಮ್ಮ ಜೇಬಿಗೆ ಕೈ ಹಾಕುವ ದಾರಿ ಮಾಡಿಕೊಂಡಿದ್ದಾರೆ. ನಾವು ಅದನ್ನು ಲೆಕ್ಕದ ಪುಸ್ತಕ ಮಾಡಿಕೊಳ್ಳಬೇಕು. ನನ್ನ ವಾದ ಇಷ್ಟೇ. ಇದು ಬೆಲೆಯ ಪ್ರಶ್ನೆಯೂ ಹೌದು, ಸಾಲದ ಪ್ರಶ್ನೆಯೂ ಹೌದು.

ಯಾವ ಖರ್ಚಿನ ಮೇಲೆ ಬೆಲೆ?

ವೈಜ್ಞಾನಿಕ ಬೆಲೆ ಬೇಕು ಅಂತ 1980ರ ನರಗುಂದ, ನವಲಗುಂದದ ಕಾಲದಿಂದ ಕೂಗುತ್ತಿದ್ದೇವೆ. 2004ರಲ್ಲಿ ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ರೈತರ ಆಯೋಗ ಬಂತು. ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇ. 50 ಸೇರಿಸಿ ಬೆಂಬಲ ಬೆಲೆ ಕೊಡಬೇಕು ಅಂತ 2006ರಲ್ಲಿ ಅದು ಹೇಳಿತು. 2018ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಒಂದೂವರೆ ಪಟ್ಟು ಕೊಡುತ್ತೇವೆ ಎಂದಿತು. ಆದರೆ ಯಾವ ವೆಚ್ಚದ ಒಂದೂವರೆ ಪಟ್ಟು? ಮರ್ಮ ಇರೋದು ಇಲ್ಲೇ.

ದೆಹಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಭಾಷೆಯಲ್ಲಿ ಮೂರು ಹೆಸರು ಮುಖ್ಯ. ಬೀಜ, ಗೊಬ್ಬರ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಅಂತ ಕೈಯಿಂದ ಬಿಟ್ಟ ಖರ್ಚಿಗೆ ಎ-2 ಅನ್ನುತ್ತಾರೆ. ಅದಕ್ಕೆ ಮನೆಮಂದಿಯ ದುಡಿಮೆಯನ್ನು ಸೇರಿಸಿದರೆ ಎ-2 ಪ್ಲಸ್ ಎಫ್‌ಎಲ್. ಸ್ವಂತ ಜಮೀನಿನ ಗುತ್ತಿಗೆ ಬೆಲೆ, ಸ್ವಂತ ಬಂಡವಾಳದ ಬಡ್ಡಿ ಎಲ್ಲ ಸೇರಿಸಿದರೆ ಸಿ-2. ಸರ್ಕಾರ ಒಂದೂವರೆ ಪಟ್ಟು ಕೊಡುವುದು ನಡುವಿನದಕ್ಕೆ. ರೈತ ಚಳವಳಿ ಕೇಳುತ್ತಿರುವುದು ಕೊನೆಯದಕ್ಕೆ.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ಇದು ಲೆಕ್ಕ ಅರ್ಥವಾಗಲಿ ಅಂತ ಹಾಕಿದ ಅಂಕಿ, ಯಾರ ಹೊಲದ್ದೂ ಅಲ್ಲ. ಒಂದು ಎಕರೆಗೆ 8 ಕ್ವಿಂಟಾಲ್ ರಾಗಿ ಅಂದುಕೊಳ್ಳಿ, ಹುಲ್ಲಿನ ಬಾಬ್ತು ಪಕ್ಕಕ್ಕಿರಲಿ. ಕೈಯಿಂದ ಬಿಟ್ಟದ್ದು 18,400 ರೂಪಾಯಿ. ಮನೆಯವರು 20 ಆಳು ದುಡಿದರು, ಆಳಿಗೆ 400ರಂತೆ 8,000. ಜಮೀನಿನ ಗುತ್ತಿಗೆ ಬೆಲೆ 5,600, ಬಂಡವಾಳದ ಬಡ್ಡಿ 800. ಮೊದಲ ಲೆಕ್ಕದಲ್ಲಿ ಕ್ವಿಂಟಾಲಿಗೆ 2,300 ಬಿತ್ತು, ಎರಡನೆಯದರಲ್ಲಿ 3,300, ಮೂರನೆಯದರಲ್ಲಿ 4,100. ಈಗ ಒಂದೂವರೆ ಪಟ್ಟು ಮಾಡಿ. ನಡುವಿನ ಲೆಕ್ಕಕ್ಕೆ 4,950, ಕೊನೆಯ ಲೆಕ್ಕಕ್ಕೆ 6,150. ಕ್ವಿಂಟಾಲಿಗೆ 1,200, ಎಕರೆಗೆ 9,600 ರೂಪಾಯಿ ವ್ಯತ್ಯಾಸ. ಹೆಚ್ಚುಕಮ್ಮಿ ಒಂದು ಬೆಳೆಯ ಸಾಲದ ಕಂತು ಅದು.

ಆಯೋಗಕ್ಕೆ ಈ ಅಂಕಿಗಳು ಬರುವುದು 1970-71ರಿಂದ ನಡೆಯುತ್ತಿರುವ ಮಾದರಿ ಸಮೀಕ್ಷೆಯಿಂದ. ಆಯ್ದ ಕೆಲವು ರೈತರ ಖರ್ಚು ಬರೆದುಕೊಂಡು ಎಲ್ಲರಿಗೂ ಸರಾಸರಿ ಕಟ್ಟುತ್ತಾರೆ. ಆ ಸರಾಸರಿ ತಪ್ಪು ಅಂತ ನಾವು ಹೇಳಬೇಕಾದರೆ ನಮ್ಮ ಊರಿನ ಅಂಕಿ ಕೈಯಲ್ಲಿರಬೇಕು. ಭಾಷಣ ಎಷ್ಟು ಜೋರಾಗಿದ್ದರೂ ಅಂಕಿಯ ಜಾಗ ತುಂಬುವುದಿಲ್ಲ.

ಏಳು ಕಲಮಿನ ಪುಸ್ತಕ

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಫೋನಿನಲ್ಲಿ ಗೂಗಲ್ ಶೀಟ್ಸ್ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದು ಗೆರೆ ಹೊಡೆದ ಪುಸ್ತಕ ಇದ್ದಹಾಗೆ. ಏಳು ಕಲಂ ಮಾಡಿ: ತಾರೀಖು, ಸರ್ವೆ ನಂಬರು, ಬೆಳೆ, ಬಾಬ್ತು, ಕೊಟ್ಟದ್ದು, ಮನೆಯವರ ಆಳು, ಬಂದದ್ದು. ಕೂಡುವ ಕೆಲಸ ಅದೇ ಮಾಡುತ್ತದೆ. ಸಿಗ್ನಲ್ ಇಲ್ಲದ ಹೊಲದಲ್ಲೂ ಬರೆಯಬೇಕಾದರೆ ಆ ಫೈಲಿಗೆ ಆಫ್‌ಲೈನ್ ಅನ್ನುವುದನ್ನು ಮೊದಲೇ ಒತ್ತಿಟ್ಟುಕೊಳ್ಳಿ. ಟೈಪು ಮಾಡೋದು ಬೇಸರವಾದರೆ ಕೀಲಿಮಣೆಯ ಮೈಕ್ ಗುರುತು ಒತ್ತಿ ಕನ್ನಡದಲ್ಲೇ ಮಾತಾಡಿ, ಅಕ್ಷರ ತಾನಾಗಿ ಮೂಡುತ್ತದೆ. ಅಂಕಿ ಮಾತ್ರ ಒಮ್ಮೆ ಕಣ್ಣಾಡಿಸಿ.

ಆರನೇ ಕಲಂ ಬಿಡಬೇಡಿ. ಕಳೆ ಕಿತ್ತವರು, ಕಣದಲ್ಲಿ ತೂರಿದವರು, ದನಕ್ಕೆ ಹುಲ್ಲು ಹೊತ್ತವರು ಬಹುಪಾಲು ಮನೆಯ ಹೆಣ್ಣುಮಕ್ಕಳು. ಅವರ ಆಳಿನ ದಿನ ಯಾರ ಪುಸ್ತಕದಲ್ಲೂ ಇಲ್ಲ. ನಾವೇ ಬರೆಯದಿದ್ದರೆ ಸರ್ಕಾರ ಯಾಕೆ ಬರೆಯುತ್ತದೆ?

ಎರಡು ಎಚ್ಚರಿಕೆ ಹೇಳಬೇಕು. ಆ ಫೈಲು ಇರುವುದು ಗೂಗಲ್ ಕಂಪನಿಯ ಕಂಪ್ಯೂಟರಿನಲ್ಲಿ. ಅದು ಬೇಡ ಅನ್ನುವವರು ಕಂಪ್ಯೂಟರ್ ಇದ್ದರೆ ಲಿಬ್ರೆ ಆಫೀಸ್ ಹಾಕಿಸಿಕೊಳ್ಳಿ, ಅದಕ್ಕೂ ಕಾಸಿಲ್ಲ, ಫೈಲು ನಿಮ್ಮ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಯಾವುದರಲ್ಲಿ ಬರೆದರೂ ತಿಂಗಳಿಗೊಮ್ಮೆ ಪೆನ್ ಡ್ರೈವಿಗೆ ನಕಲು ಇಳಿಸಿ, ಬೆಳೆ ಮುಗಿದ ಮೇಲೆ ಕಾಗದಕ್ಕೆ ಪ್ರಿಂಟ್ ತೆಗೆಸಿ. ಫೋನು ಕಾಲುವೆಗೆ ಬಿದ್ದರೆ ವರ್ಷದ ಲೆಕ್ಕ ಅದರ ಜೊತೆ ಹೋಗಬಾರದು. ಇನ್ನೊಂದು, ಲೆಕ್ಕ ಬರೆಯುವ ಆ್ಯಪ್ ಅಂತ ಬರುವ ಕೆಲವು ಲೆಕ್ಕದ ಜೊತೆ ಸಾಲವನ್ನೂ ಮಾರುತ್ತವೆ. ಲೆಕ್ಕದ ಪುಸ್ತಕಕ್ಕೆ ನಿಮ್ಮ ನೆಂಟರ ಫೋನ್ ನಂಬರು ಯಾಕೆ ಬೇಕು? ಕಾಂಟ್ಯಾಕ್ಟ್ ನೋಡಲು ಅನುಮತಿ ಕೊಡಿ ಅಂತ ಕೇಳಿದರೆ ಕೊಡಬೇಡಿ.

ಚೀಟಿ, ಪಹಣಿ, ಬೆಳೆ ಸಮೀಕ್ಷೆ

ಗೊಬ್ಬರದ ಅಂಗಡಿ, ತೂಕದ ಸೇತುವೆ, ಎಟಿಎಂ ಕೊಡುವ ನುಣುಪು ಕಾಗದದ ಚೀಟಿ ಶಾಯಿಯಿಂದ ಅಚ್ಚಾದದ್ದಲ್ಲ, ಶಾಖದಿಂದ ಮೂಡಿದ್ದು. ಕೆಲವು ತಿಂಗಳಲ್ಲಿ ಬಿಸಿಲಿಗೆ, ಬೆವರಿಗೆ ಅದು ಬೆಳ್ಳಗಾಗುತ್ತದೆ. ಬೀಜ ಮೊಳೆಯಲಿಲ್ಲ ಅಂತ ಗ್ರಾಹಕರ ವೇದಿಕೆಗೆ ಹೋದಾಗ ಖಾಲಿ ಕಾಗದ ತೋರಿಸಿ ಏನು ಪ್ರಯೋಜನ? ಚೀಟಿ ಕೈಗೆ ಬಂದ ದಿನವೇ ಫೋಟೋ ತೆಗೆದು, ಬೆಳೆಯ ಹೆಸರಿನ ಒಂದು ಫೋಲ್ಡರಿಗೆ ಹಾಕಿ. ಬೀಜದ ಚೀಲದ ಲಾಟ್ ನಂಬರಿನ ಫೋಟೋ ಜೊತೆಗಿರಲಿ. ಬಿಳಿ ಚೀಟಿ ಕೊಡುವ ಮಂಡಿಯವನ ಹತ್ತಿರ ಸಹಿ ಇರುವ ಪಟ್ಟಿ ಕೇಳಿ. ಮಾರಲು ಹೊರಡುವ ಮುಂಚೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಆಯಾ ಮಾರುಕಟ್ಟೆಯ ಧಾರಣೆ ನೋಡಿ, ಅದನ್ನೂ ಪುಸ್ತಕದಲ್ಲಿ ಬರೆಯಿರಿ. ನಿಮಗೆ ಸಿಕ್ಕ ಬೆಲೆಗೂ ಅದಕ್ಕೂ ಎಷ್ಟು ಅಂತರ ಅನ್ನುವುದು ನಾಲ್ಕು ಸಲ ಬರೆದಮೇಲೆ ತಾನೇ ಮಾತಾಡುತ್ತದೆ.

ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋಗಿ ಎರಡು ದಶಕ ದಾಟಿತು. ಇವತ್ತು ಸರ್ವೆ ನಂಬರು ಹಾಕಿದರೆ ಪಹಣಿ ಫೋನಿನಲ್ಲೇ ಕಾಣುತ್ತದೆ. ಅದರ 11ನೇ ಕಲಂ ನೋಡಿ. ಋಣ ಬರೆಯುವ ಜಾಗ ಅದೇ. ಸಾಲ ತೀರಿಸಿ ರಸೀದಿ ಪಡೆದ ಮೇಲೂ ಅಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಮುಂದಿನ ಸಾಲಕ್ಕೆ, ಮಕ್ಕಳಿಗೆ ಭಾಗ ಮಾಡಿಕೊಡುವುದಕ್ಕೆ ತೊಡಕು ಅಲ್ಲಿಂದಲೇ ಶುರು. ವರ್ಷಕ್ಕೆ ಎರಡು ಸಲ ನೋಡಿ, ತಪ್ಪಿದ್ದರೆ ರಸೀದಿ ಸಮೇತ ಅರ್ಜಿ ಕೊಡಿ.

ಬೆಳೆ ಸಮೀಕ್ಷೆಯೂ ಹಾಗೆಯೇ. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಆ್ಯಪ್‌ನಲ್ಲಿ ಹಾಕಬಹುದು. ನೀವು ಹಾಕದಿದ್ದರೆ ಬೇರೆಯವರು ಹಾಕುತ್ತಾರೆ. ನೀವು ವಿಮೆ ಕಟ್ಟಿದ್ದು ತೊಗರಿಗೆ, ಸಮೀಕ್ಷೆಯಲ್ಲಿ ಬಂದದ್ದು ಜೋಳ ಅಂತಾದರೆ ವಿಮಾ ಕಂಪನಿಗೆ ಅದೇ ಒಂದು ನೆಪ. ಬೆಳೆ ನಿಂತಿರುವಾಗಲೇ ದಾಖಲೆ ಸರಿಯಿದೆಯೇ ಅಂತ ನೋಡಿಕೊಳ್ಳಿ. ಕೊಯ್ಲಾದಮೇಲೆ ಸಾಕ್ಷಿ ಎಲ್ಲಿಂದ ತರುತ್ತೀರಿ?

ನಮ್ಮ ಪ್ರಾಥಮಿಕ ಸಹಕಾರ ಸಂಘಗಳ ಪುಸ್ತಕವೂ ಕಂಪ್ಯೂಟರಿಗೆ ಹೋಗುತ್ತಿದೆ. ದೇಶದ 63,000 ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆಯನ್ನು 2022ರಲ್ಲಿ ಕೇಂದ್ರ ಒಪ್ಪಿತು. ಒಳ್ಳೆಯದೇ. ಆದರೆ ಹಳೆ ಪುಸ್ತಕದಿಂದ ಹೊಸದಕ್ಕೆ ಅಂಕಿ ಏರಿಸುವಾಗ ಒಂದು ಸೊನ್ನೆ ಹೆಚ್ಚಾದರೆ ಹೊರೆ ಹೊರುವವರು ನಾವು. ನಿಮ್ಮ ಖಾತೆಯ ಪೂರ್ತಿ ವಿವರದ ಪ್ರಿಂಟ್ ಕೇಳಿ, ನಿಮ್ಮ ರಸೀದಿಗಳ ಜೊತೆ ತಾಳೆ ನೋಡಿ.

ಜೇಬಿನೊಳಗಿಂದ ಬರುವ ವಸೂಲಿದಾರ

1980ರ ದಶಕದಲ್ಲಿ ಊರ ಬಾಗಿಲಿಗೆ ಬೋರ್ಡು ಹಾಕಿದೆವು, ಅನುಮತಿಯಿಲ್ಲದೆ ಸಾಲ ವಸೂಲಿಗೆ ಒಳಗೆ ಬರಬೇಡಿ ಅಂತ. ಜೀಪು ಬೋರ್ಡಿನ ಹತ್ತಿರ ನಿಂತಿತು. ಈಗಿನ ವಸೂಲಿದಾರನಿಗೆ ಆ ಬೋರ್ಡು ಕಾಣುವುದಿಲ್ಲ. ಅವನು ಮಗನ ಫೋನಿನೊಳಗಿಂದ ಬರುತ್ತಾನೆ. ಐದು ನಿಮಿಷದಲ್ಲಿ ಸಾಲ, ಜಾಮೀನು ಬೇಡ ಅನ್ನುತ್ತಾನೆ. 5,000 ಸಾಲ ಅಂತ ಬರೆದು, ಖರ್ಚು ಮುರಿದುಕೊಂಡು 3,500 ಕೈಗೆ ಕೊಟ್ಟು, ವಾರದಲ್ಲಿ 5,000 ಕಟ್ಟು ಅಂದರೆ ನೂರಕ್ಕೆ ವಾರದ ಬಡ್ಡಿ ಸುಮಾರು 43 ರೂಪಾಯಿ ಆಯಿತು. ಮೀಟರ್ ಬಡ್ಡಿಯವನೂ ನಾಚಬೇಕು. ಕಟ್ಟದಿದ್ದರೆ ಫೋನಿನಲ್ಲಿರುವ ನೆಂಟರಿಗೆಲ್ಲ ಕರೆ ಹೋಗುತ್ತದೆ, ಮನೆ ಹೆಣ್ಣುಮಕ್ಕಳ ಫೋಟೋ ಕೆಡಿಸಿ ಕಳಿಸುತ್ತಾರೆ.

ಕಾನೂನು ನಮ್ಮ ಕಡೆ ಇದೆ, ತಿಳಿದಿರಬೇಕು ಅಷ್ಟೆ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಆ್ಯಪ್ ಸಾಲಕ್ಕೆ ನಿಯಮ ಹಾಕಿತು. ದುಡ್ಡು ಸಾಲ ಕೊಡುವ ಸಂಸ್ಥೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು. ಎಲ್ಲ ಖರ್ಚು ಸೇರಿ ವರ್ಷದ ಬಡ್ಡಿ ಎಷ್ಟು ಅಂತ ಮೊದಲೇ ಬರೆದುಕೊಡಬೇಕು. ನಿಮ್ಮ ಕಾಂಟ್ಯಾಕ್ಟ್, ಫೋಟೋ, ಕರೆಗಳ ಪಟ್ಟಿ ಮುಟ್ಟುವಂತಿಲ್ಲ. ಇಂಥ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಅಲ್ಲಿಲ್ಲದ ಆ್ಯಪ್‌ನ ಸಹವಾಸ ಬೇಡ. ಕಿರುಸಾಲ ವಸೂಲಿಯಲ್ಲಿ ಕಿರುಕುಳ ಕೊಟ್ಟವರಿಗೆ ಹತ್ತು ವರ್ಷದವರೆಗೆ ಜೈಲು ಅಂತ ನಮ್ಮ ರಾಜ್ಯವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು.

ಇನ್ನು ಕಳ್ಳರ ವಿಷಯ. ಮೂರು ಮಾತು ನೆನಪಿಟ್ಟುಕೊಳ್ಳಿ. ಒಂದು, ದುಡ್ಡು ಬರೋಕೆ ಪಿನ್ ಬೇಡ. ಪಿನ್ ಒತ್ತಿದಿರಿ ಅಂದರೆ ದುಡ್ಡು ಹೋಯಿತು ಅಂತಲೇ ಅರ್ಥ. ಎರಡು, ಪಿಎಂ ಕಿಸಾನ್ ಕಂತು ಅಂತಲೋ ಬ್ಯಾಂಕಿನ ಕೆವೈಸಿ ಅಂತಲೋ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲು ಒತ್ತಬೇಡಿ, ಗುರುತಿನವರೇ ಕಳಿಸಿದ್ದರೂ ಒತ್ತಬೇಡಿ. ಅವರ ಫೋನು ಆಗಲೇ ಕಳ್ಳನ ಕೈಗೆ ಹೋಗಿರಬಹುದು. ಮೂರು, ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಹೆಬ್ಬೆಟ್ಟಿಗೆ ಬೀಗ ಹಾಕಿ. ಜಮೀನು ನೋಂದಣಿಯ ಪತ್ರದಲ್ಲಿದ್ದ ಬೆರಳಚ್ಚು ನಕಲು ಮಾಡಿ ಖಾತೆಯಿಂದ ಹಣ ಎಳೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಹೊರಬಿದ್ದವು. ರೇಷನ್ ಅಂಗಡಿಗೆ ಹೋದಾಗ ಕೆಲವು ನಿಮಿಷ ಬೀಗ ತೆಗೆದು ಮತ್ತೆ ಹಾಕಬಹುದು. ಮೋಸ ಆದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ನೋಡೋಣ ಅಂದರೆ ದುಡ್ಡು ಹತ್ತು ಖಾತೆ ದಾಟಿರುತ್ತದೆ.

ಐದು ಮನೆಯಿಂದ ಶುರು ಮಾಡೋಣ

ಇದನ್ನು ಒಬ್ಬೊಬ್ಬರೇ ಮಾಡಿದರೆ ಒಂದು ಮನೆಗೆ ಅನುಕೂಲ. ಸಂಘ ಮಾಡಿದರೆ ಚಳವಳಿಗೆ ಬಲ. ಪ್ರತಿ ಹಳ್ಳಿಯ ಸಂಘ ಐದು ಮನೆ ಆರಿಸಲಿ, ಮಳೆಯಾಶ್ರಯದವರು, ನೀರಾವರಿಯವರು ಇಬ್ಬರೂ ಇರಲಿ. ಹೈಸ್ಕೂಲಿಗೆ ಹೋಗುವ ಮಗಳೋ ಮಗನೋ ದಿನಕ್ಕೆ ಹತ್ತು ನಿಮಿಷ ಬರೆದರೆ ಸಾಕು. ಸಂಘದ ಹಳೆ ಕಂಪ್ಯೂಟರ್ ಸಾಕಾಗುತ್ತದೆ. ಅದರಲ್ಲಿ ವಿಂಡೋಸ್ 10 ಇದ್ದರೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು, ಹೊಸದು ಕೊಳ್ಳಿ ಅಂತ ಅಂಗಡಿಯವರು ಹೇಳ್ತಾರೆ. ಕೊಳ್ಳಬೇಕಿಲ್ಲ. ಲಿನಕ್ಸ್ ಮಿಂಟ್ ಅಂಥ ಪುಕ್ಕಟೆ ವ್ಯವಸ್ಥೆ ಹಾಕಿಸಿ, ಅದರಲ್ಲಿ ಕನ್ನಡವೂ ಲಿಬ್ರೆ ಆಫೀಸೂ ನಡೆಯುತ್ತವೆ. ಸಾಲ ಮಾಡಿ ಕಂಪ್ಯೂಟರ್ ತಂದು ಸಾಲದ ವಿರುದ್ಧ ಲೆಕ್ಕ ಬರೆಯುವುದು ಬೇಡ.

ಮುಂದಿನ ಯುಗಾದಿಯಿಂದ ಒಂದು ವರ್ಷ ಬರೆಯಿರಿ. ಹಾಳೆಯ ಮೇಲೆ ಮನೆಯ ಹೆಸರು ಬೇಡ, ಊರು, ಬೆಳೆ, ಎಕರೆ, ಖರ್ಚು, ಇಳುವರಿ, ಮಾರಿದ ಬೆಲೆ ಇದ್ದರೆ ಸಾಕು. ತಾಲ್ಲೂಕು ಸಭೆಗೆ ಆ ಹಾಳೆ ತನ್ನಿ. ಜಿಲ್ಲಾಧಿಕಾರಿಯ ಮೇಜಿನ ಮೇಲೆ ಮನವಿ ಪತ್ರದ ಜೊತೆ ಈ ಸಲ ಲೆಕ್ಕವನ್ನೂ ಇಡೋಣ. ಸರಾಸರಿ ತೋರಿಸಿ ನಮ್ಮನ್ನು ವಾಪಸ್ಸು ಕಳಿಸುವವರು ಮೊದಲು ಅದಕ್ಕೆ ಉತ್ತರ ಕೊಡಲಿ.