ಯಂತ್ರದಾನವೋ? ಕಾಲದಾನವೋ?

ಮಠದ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಇಂದು ನಾಡಿನಲ್ಲಿಯೂ ಹೊರನಾಡಿನಲ್ಲಿಯೂ ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ವಿದ್ಯಾರ್ಥಿ ಬಾಂಧವರಿಗೂ, ನಿಲಯಗಳ ಏಳಿಗೆಯನ್ನು ಬಯಸುವ ಸದ್ಭಕ್ತರಿಗೂ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಮಾತು ಕೆಲವರಿಗೆ ಕಹಿಯೆನಿಸಬಹುದು. ಆದರೂ ಹೇಳದೆ ಇರುವುದು ತರವಲ್ಲ. ಬಡ ವಿದ್ಯಾರ್ಥಿಗಳಿಗೆ ಮೊಬೈಲನ್ನೋ ಟ್ಯಾಬನ್ನೋ ಕೊಡಿಸಿ, ಒಂದು ಭಾವಚಿತ್ರ ತೆಗೆಸಿಕೊಂಡು, ಕರ್ತವ್ಯ ತೀರಿತೆಂಬ ಸಮಾಧಾನದಿಂದ ಊರಿಗೆ ಮರಳುವ ಪದ್ಧತಿ ನಮ್ಮಲ್ಲಿ ಬೆಳೆಯುತ್ತಿದೆ. ಇದನ್ನು ದಾನವೆನ್ನಬಹುದು. ವಿದ್ಯಾದಾನವೆನ್ನಲು ಮನಸ್ಸು ಒಪ್ಪದು.

ಈಚೆಗೆ ಒಂದು ನಿಲಯಕ್ಕೆ ಹೋಗುವ ಪ್ರಸಂಗ ಒದಗಿತ್ತು. ಅದರ ಹೆಸರು ಇಲ್ಲಿ ಬೇಡ. ಇಂಥದೇ ಸ್ಥಿತಿ ಬೇರೆಡೆಗಳಲ್ಲಿಯೂ ಉಂಟು. ಕಚೇರಿಯ ಬೀರುವಿನಲ್ಲಿ ಇಪ್ಪತ್ತು ಟ್ಯಾಬುಗಳು ಬಂದ ಪೆಟ್ಟಿಗೆಗಳಲ್ಲಿಯೇ ಭದ್ರವಾಗಿದ್ದವು. ಹೀಗೇಕೆಂದು ಕೇಳಿದಾಗ ನಿಲಯಪಾಲಕರು, “ಕೈಗೆ ಕೊಟ್ಟರೆ ಹುಡುಗರು ಕೆಡುತ್ತಾರೆ; ಒಡೆದರೆ ಲೆಕ್ಕ ನನ್ನನ್ನು ಕೇಳುತ್ತಾರೆ; ಅದರಲ್ಲಿ ಕಲಿಸುವವರಂತೂ ಯಾರೂ ಇಲ್ಲ. ನಾನೇನು ಮಾಡಲಿ, ತಾವೇ ಹೇಳಿರಿ” ಎಂದರು. ಅವರನ್ನು ದೂರುವುದು ಸುಲಭ. ಆದರೆ ಅವರು ಕೊನೆಗೆ ಆಡಿದ ಮಾತಿನಲ್ಲಿಯೇ ಸಮಸ್ಯೆಯ ಮೂಲ ಅಡಗಿದೆಯೆಂಬುದನ್ನು ವಿಚಾರವಂತರು ಗಮನಿಸಬೇಕು.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಂಗಡಗಳಿವೆ. ಮೊಬೈಲು ಮಕ್ಕಳನ್ನು ಕೆಡಿಸುವ ಪಿಡುಗು, ಅದನ್ನು ನಿಲಯದ ಹೊಸ್ತಿಲೊಳಗೆ ಬಿಡಬಾರದು ಎನ್ನುವುದು ಮೊದಲನೆಯ ಪಂಗಡ. ಜಗತ್ತಿನ ವಿದ್ಯೆಯೆಲ್ಲವೂ ಅದರಲ್ಲಿದೆ, ಕೈಗೆ ಕೊಟ್ಟುಬಿಟ್ಟರೆ ಮಕ್ಕಳು ತಾವೇ ಕಲಿತುಕೊಳ್ಳುತ್ತಾರೆ ಎನ್ನುವುದು ಎರಡನೆಯದು. ಇವೆರಡೂ ತಪ್ಪು, ಎರಡನೆಯದು ಹೆಚ್ಚಿನ ತಪ್ಪು. ಏಕೆಂದರೆ ಮೊದಲನೆಯವರು ತಾವು ಏನನ್ನೂ ಕೊಟ್ಟಿಲ್ಲವೆಂಬುದನ್ನಾದರೂ ಬಲ್ಲರು.

ಮೊದಲನೆಯವರಿಗೆ ಹೇಳಬೇಕಾದುದು ಹೆಚ್ಚಿಲ್ಲ. ಕೇರಳದ ಕೋಳಿಕ್ಕೋಡು ಜಿಲ್ಲೆಯ ಒಂದು ಕಾಲೇಜಿನ ವಿದ್ಯಾರ್ಥಿನಿ ನಿಲಯದಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲು ಬಳಸಕೂಡದೆಂಬ ಕಟ್ಟಳೆಯಿತ್ತು. ಅದನ್ನು ಒಪ್ಪದ ಒಬ್ಬ ವಿದ್ಯಾರ್ಥಿನಿಯನ್ನು ಹೊರಹಾಕಲಾಯಿತು. ಆಕೆ ಉಚ್ಚ ನ್ಯಾಯಾಲಯದ ಮೊರೆಹೊಕ್ಕಾಗ, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿಯೂ ಖಾಸಗಿತನದ ಹಕ್ಕಿನಲ್ಲಿಯೂ ಸೇರಿದೆಯೆಂದು ನ್ಯಾಯಾಲಯವು 2019ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತು, ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆಜ್ಞಾಪಿಸಿತು. ಇದು ಬಯಲುಸೀಮೆಯ ನಮ್ಮ ಹೆಣ್ಣುಮಕ್ಕಳ ಪಾಲಿಗೆ ಸಣ್ಣ ವಿಷಯವಲ್ಲ. ಪ್ರಥಮ್ ಸಂಸ್ಥೆಯು ಗ್ರಾಮೀಣ ಭಾರತದ 14ರಿಂದ 18 ವರ್ಷದವರಲ್ಲಿ 2023ರಲ್ಲಿ ನಡೆಸಿದ ಅಸರ್ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನು ಬಳಸಬಲ್ಲ ಹುಡುಗರಲ್ಲಿ ಶೇಕಡಾ 43.7 ಮಂದಿಗೆ ಸ್ವಂತದ್ದಿದ್ದರೆ, ಹುಡುಗಿಯರಲ್ಲಿ ಶೇಕಡಾ 19.8 ಮಂದಿಗೆ ಮಾತ್ರ ಇತ್ತು. ಮನೆಯಲ್ಲಿ ಅಣ್ಣನ ಕೈಯಲ್ಲಿರುವುದು ತಂಗಿಗೆ ನಿಲಯದಲ್ಲಿಯೂ ಸಿಗದೆಹೋದರೆ ಮತ್ತೆಲ್ಲಿ ಸಿಕ್ಕೀತು?

ಅಲ್ಲದೆ, ಬಾಗಿಲು ಹಾಕಿಕೊಂಡರೆ ಹೊರಗುಳಿಯುವುದು ಬರಿಯ ಹಾಡು, ಸಿನಿಮಾಗಳಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿಗಳೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳು ಇಂದು ಯಾವ ಹಳ್ಳಿಯ ವಿದ್ಯಾರ್ಥಿಗೂ ಉಚಿತವಾಗಿ ದೊರೆಯುತ್ತವೆ. 2017ರ ಜುಲೈಯಲ್ಲಿ ಕೇಂದ್ರ ಸರಕಾರವು ತೆರೆದ ‘ಸ್ವಯಂ’ ವೇದಿಕೆಯಲ್ಲಿ ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರ ಮಟ್ಟದವರೆಗೆ ಪಾಠಗಳಿವೆ. ಪ್ರಮಾಣಪತ್ರ ಬೇಕಾದವರು ಪರೀಕ್ಷೆಗೆ ಮಾತ್ರ ಶುಲ್ಕ ಕಟ್ಟಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮಾವಳಿಯ ಮೇರೆಗೆ, ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇಕಡಾ 40ರವರೆಗೆ ‘ಸ್ವಯಂ’ ಮೂಲಕ ಓದಿ ಅಂಕಗಳಿಸಲು ಕಾಲೇಜುಗಳು ಅವಕಾಶ ಕೊಡಬಹುದು. ಶಾಲಾ ಮಕ್ಕಳಿಗೆಂದು ‘ದೀಕ್ಷಾ’ ಇದೆ. ಪಠ್ಯಪುಸ್ತಕದಲ್ಲಿ ಅಚ್ಚಾದ ಚೌಕದ ಗುರುತಿಗೆ ಮೊಬೈಲನ್ನು ಹಿಡಿದರೆ ಆ ಪಾಠದ ದೃಶ್ಯ ತೆರೆದುಕೊಳ್ಳುತ್ತದೆ. ಇಷ್ಟನ್ನು ಕಾಣದಂತೆ ಮಕ್ಕಳ ಕಣ್ಣು ಕಟ್ಟುವುದು ವಿವೇಕವಲ್ಲ.

ಇನ್ನು ಎರಡನೆಯ ಪಂಗಡ. ಇದರಲ್ಲಿ ಇರುವವರು ಬಹುಮಟ್ಟಿಗೆ ತಾವೇ, ಹಳೆಯ ವಿದ್ಯಾರ್ಥಿ ಮಹನೀಯರೇ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಪಾಠವು ಕೈಗೆ ಸಿಕ್ಕಿದೊಡನೆ ವಿದ್ಯೆ ಬರುವುದೆಂಬ ನಂಬಿಕೆಯನ್ನು ಜಗತ್ತು ಈಗಾಗಲೇ ಪರೀಕ್ಷಿಸಿ ನೋಡಿದೆ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಾಗ ಸುಮಾರು 1,60,000 ಮಂದಿ ಹೆಸರು ಕೊಟ್ಟರು. ಮುಗಿಸಿದವರು ಸುಮಾರು 23,000. ಬಳಿಕ ಹಾರ್ವರ್ಡ್ ಹಾಗೂ ಎಂಐಟಿ ಸಂಸ್ಥೆಗಳ ಆನ್‌ಲೈನ್ ಕೋರ್ಸುಗಳ ಆರು ವರ್ಷಗಳ ಲೆಕ್ಕವನ್ನು ವಿದ್ವಾಂಸರು ತೆಗೆದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2017–18ರಲ್ಲಿ ಸೇರಿದವರ ಪೈಕಿ ಕೋರ್ಸು ಮುಗಿಸಿದವರು ಶೇಕಡಾ 3.13! ಸೇರಿದವರಲ್ಲಿ ಅನೇಕರು ಸುಮ್ಮನೆ ಇಣುಕಿ ನೋಡಲು ಬಂದವರು ಎಂದು ವಾದಿಸಬಹುದು, ಅದೂ ನಿಜ. ಆದರೆ ನೂರಕ್ಕೆ ತೊಂಬತ್ತಾರು ಮಂದಿ ನಡುವೆಯೇ ಬಿಟ್ಟುಹೋಗುವ ದಾರಿಯಲ್ಲಿ, ಮನೆಯಲ್ಲಿ ಮೊತ್ತಮೊದಲಿಗೆ ಅಕ್ಷರ ಕಲಿತ ಹುಡುಗನೊಬ್ಬನನ್ನು ಒಂಟಿಯಾಗಿ ಬಿಟ್ಟುಬರುವುದು ಎಂಥ ಉಪಕಾರ?

ಪೆರು ದೇಶದ ಸರಕಾರವು ಹಳ್ಳಿಯ ಶಾಲಾಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪು ಹಂಚಿತು. 319 ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಹೊರಬಂದಾಗ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕಗಳು ಹೆಚ್ಚಿದ ಗುರುತೇ ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ ನಮ್ಮ ದೇಶದ್ದೇ ಒಂದು ಉದಾಹರಣೆಯುಂಟು. ಗುಜರಾತದ ವಡೋದರೆಯಲ್ಲಿ 2000ದಲ್ಲಿ ಸರಕಾರವು ನೂರು ಪುರಸಭಾ ಶಾಲೆಗಳಿಗೆ ನಾಲ್ಕು ನಾಲ್ಕು ಗಣಕಯಂತ್ರಗಳನ್ನು ಕೊಟ್ಟಿತ್ತು. ಚಿಕ್ಕ ತರಗತಿಗಳ ಮಕ್ಕಳಿಗೆ ಅವುಗಳಿಂದ ಹೆಚ್ಚಿನ ಪ್ರಯೋಜನವಾಗಿರಲಿಲ್ಲ. ಅನಂತರ ಪ್ರಥಮ್ ಸಂಸ್ಥೆಯವರು ಅದೇ ಯಂತ್ರಗಳನ್ನು ಹಿಡಿದು, ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡೇ ಗಂಟೆ, ಯಂತ್ರವೊಂದಕ್ಕೆ ಇಬ್ಬಿಬ್ಬರನ್ನು ಕೂಡಿಸಿ, ತರಬೇತಾದ ಒಬ್ಬ ಬೋಧಕನನ್ನು ಪಕ್ಕದಲ್ಲಿ ನಿಲ್ಲಿಸಿ, ಗಣಿತದ ಆಟಗಳನ್ನು ಆಡಿಸಿದರು. ಮಕ್ಕಳ ಗಣಿತಜ್ಞಾನ ಗಣನೀಯವಾಗಿ ಏರಿತು. ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದವರಲ್ಲಿ, ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದ್ದರು. ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಭಾಗ ಕರಗಿತೆಂಬುದನ್ನೂ ಅವರೇ ಬರೆದಿದ್ದಾರೆ. ಯಂತ್ರಗಳು ಬಂದು ವರ್ಷಗಳಾದರೂ ಆಗದಿದ್ದ ಕೆಲಸ ಗೊತ್ತಾದ ವೇಳೆ, ಪಕ್ಕದ ಸಹಪಾಠಿ, ಮೇಲೆ ನಿಂತ ಬೋಧಕ ಈ ಮೂರರಿಂದ ಆಯಿತು. ಅವು ನಿಂತೊಡನೆ ಫಲವೂ ಬಾಡಿತು.

ನಮ್ಮ ಸೀಮೆಗೆ ಇದು ಹೊಸ ಪಾಠವೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಇಸ್ರೋ ಸಂಸ್ಥೆಯು ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿತ್ತು. ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ಊರವರಿಗೆ ಕನ್ನಡದಲ್ಲಿಯೇ ಕಾರ್ಯಕ್ರಮ ಬರುತ್ತಿತ್ತು. ಊರಿಗೆಲ್ಲ ಒಂದೇ ಪೆಟ್ಟಿಗೆ. ಎಲ್ಲರೂ ಒಂದೆಡೆ ಕುಳಿತು ನೋಡಬೇಕು. ಇಂದು ಪ್ರತಿಯೊಬ್ಬನ ಅಂಗೈಯಲ್ಲಿಯೂ ಒಂದು ಪೆಟ್ಟಿಗೆಯಿದೆ. ಒಟ್ಟಿಗೆ ಕುಳಿತುಕೊಳ್ಳುವ ಆ ಜಗುಲಿ ಮಾತ್ರ ಇಲ್ಲವಾಗಿದೆ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಮೊಬೈಲಿಲ್ಲದ ಮಕ್ಕಳು ಪಾಠದಿಂದ ಹೊರಗುಳಿದುದನ್ನು ಕಂಡು, ನಮ್ಮ ರಾಜ್ಯದ ಶಿಕ್ಷಣ ಇಲಾಖೆಯು ಆಗಸ್ಟಿನಲ್ಲಿ ‘ವಿದ್ಯಾಗಮ’ವನ್ನು ಆರಂಭಿಸಿತು, ಶಿಕ್ಷಕರು ಗುಡಿಯ ಕಟ್ಟೆಗಳ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕಲೆಹಾಕಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಯಂತ್ರವು ಮುಟ್ಟದ ಕಡೆ ಮನುಷ್ಯನೇ ನಡೆದುಹೋಗಬೇಕೆಂಬುದನ್ನು ಅದು ತೋರಿಸಿಕೊಟ್ಟಿತು.

ಈಗ ತಾವು ತಮ್ಮ ನಿಲಯದ ದಿನಗಳನ್ನೇ ನೆನೆದುಕೊಳ್ಳಿರಿ. ತಮ್ಮನ್ನು ಓದಿಸಿದುದು ಪುಸ್ತಕವೇ? ಪುಸ್ತಕವು ಊರಿನಲ್ಲಿಯೂ ಇತ್ತು. ಸಂಜೆಯ ಗಂಟೆ ಬಾರಿಸಿದೊಡನೆ ಎಲ್ಲರೂ ಸಾಲಾಗಿ ಕುಳಿತುಕೊಳ್ಳುತ್ತಿದ್ದರು, ನಾವೂ ಕುಳಿತೆವು. ಬೀಜಗಣಿತದ ಲೆಕ್ಕ ಬಿಡಿಸಲಾಗದೆ ಕಣ್ಣಲ್ಲಿ ನೀರು ತುಂಬಿದಾಗ ಮೇಲಿನ ತರಗತಿಯ ಅಣ್ಣನೊಬ್ಬ ಪಕ್ಕಕ್ಕೆ ಬಂದು ಪಾಟಿಯ ಮೇಲೆ ಬಿಡಿಸಿ ತೋರಿಸಿದ. ಎರಡು ದಿನ ಪಂಕ್ತಿಯಲ್ಲಿ ಕಾಣದಿದ್ದರೆ, ಏಕೆ ಬರಲಿಲ್ಲವೆಂದು ಕೇಳುವವರಿದ್ದರು. ಊರೂರು ಅಲೆದು ತಂದ ಜೋಳಿಗೆಯ ಜೋಳದಷ್ಟೇ ಈ ಕೇಳುವಿಕೆಯೂ ನಮ್ಮನ್ನು ಸಾಕಿತು. ಆನ್‌ಲೈನ್ ಕೋರ್ಸಿನಲ್ಲಿ ಜಗತ್ತಿನ ಅತ್ಯುತ್ತಮ ಪ್ರಾಧ್ಯಾಪಕರಿದ್ದಾರೆ. ಏಕೆ ಬರಲಿಲ್ಲವೆಂದು ಕೇಳುವವರು ಮಾತ್ರ ಇಲ್ಲ. ಎನ್‌ಪಿಟಿಇಎಲ್‌ನವರೇ ಕಾಲೇಜುಗಳಲ್ಲಿ ಸ್ಥಳೀಯ ಶಾಖೆಗಳನ್ನು ತೆರೆದು, ವಿದ್ಯಾರ್ಥಿಗಳ ಬೆನ್ನಿಗೆ ನಿಲ್ಲಲು ಅಲ್ಲಿನ ಅಧ್ಯಾಪಕರನ್ನು ನಿಯೋಜಿಸಿಕೊಳ್ಳುತ್ತಿರುವುದು ಈ ಕೊರತೆಯನ್ನು ಅರಿತೇ ಅಲ್ಲವೆ?

ಹಾಗಾದರೆ ಮಾಡತಕ್ಕದ್ದೇನು? ಪ್ರತಿಯೊಂದು ನಿಲಯದಲ್ಲಿಯೂ ಒಂದು ಕೋಣೆಯನ್ನು ಇದಕ್ಕೆಂದೇ ಮೀಸಲಿಡಬೇಕು. ಬೀರುವಿನಲ್ಲಿ ಮಲಗಿರುವ ಟ್ಯಾಬುಗಳನ್ನು ಅಲ್ಲಿ ಹೊರತೆಗೆದು ಇಬ್ಬರಿಗೊಂದರಂತೆ ಕೊಡಬೇಕು. ಅಂತರ್ಜಾಲ ಕೈಕೊಟ್ಟರೆ ಕೆಲಸ ನಿಲ್ಲದಂತೆ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು. ವಾರದಲ್ಲಿ ಎರಡು ಸಂಜೆಗಳನ್ನು ಗೊತ್ತುಮಾಡಿ, ಒಂದು ಗುಂಪು ಒಂದೇ ಕೋರ್ಸನ್ನು ಹಿಡಿದು ಕೊನೆ ಮುಟ್ಟಿಸಬೇಕು. ಸ್ವಂತ ಮೊಬೈಲುಳ್ಳವರು ಮಲಗುವ ಮುನ್ನ ಅದನ್ನು ಎಲ್ಲಿಡಬೇಕೆಂಬ ನಿಯಮವನ್ನು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡೇ ಮಾಡಬೇಕು. ತಾವೇ ಒಪ್ಪಿ ಮಾಡಿದ ನಿಯಮವನ್ನು ಮಕ್ಕಳು ಮುರಿಯುವುದು ಕಡಿಮೆ.

ಉಳಿದ ಕೆಲಸ ತಮ್ಮದು. ಎನ್‌ಪಿಟಿಇಎಲ್ ಕೋರ್ಸುಗಳು ನಾಲ್ಕು, ಎಂಟು ಅಥವಾ ಹನ್ನೆರಡು ವಾರಗಳವು. ಆ ಹನ್ನೆರಡು ವಾರಗಳಲ್ಲಿ ವಾರಕ್ಕೆ ಒಂದು ಗಂಟೆಯನ್ನು ಕೊಡಿರಿ. ಬೆಂಗಳೂರಿನಲ್ಲಿದ್ದರೂ ಸರಿ, ವಿದೇಶದಲ್ಲಿದ್ದರೂ ಸರಿ. ಇಲ್ಲಿ ಸಂಜೆ ಏಳು ಗಂಟೆಯಾದಾಗ ಅಮೆರಿಕದ ಪೂರ್ವತೀರದಲ್ಲಿ ಬೆಳಗಿನ ಹೊತ್ತು. ಕೆಲಸಕ್ಕೆ ಹೊರಡುವ ಮುನ್ನ ಕುಳಿತು ಮಾತಾಡಬಹುದು. ದೂರದ ಹಿರಿಯನೊಬ್ಬನ ಮುಖವನ್ನೂ ದನಿಯನ್ನೂ ಓದುವ ಕೋಣೆಗೆ ತಂದು ಕೂರಿಸುವುದಕ್ಕಿಂತ ಮಿಗಿಲಾದ ಉಪಯೋಗ ಮೊಬೈಲಿಗೆ ಉಂಟೆ? ಇಂಗ್ಲಿಷಿನಲ್ಲಿ ಸರಸರನೆ ಸಾಗುವ ಪಾಠವು ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಅರ್ಥವಾಗದೆ ಹೋದಾಗ, ಅವಳ ನುಡಿಯಲ್ಲಿಯೇ ಬಿಡಿಸಿ ಹೇಳಬಲ್ಲವರು ತಾವು. ಏಕೆಂದರೆ ಮೊದಲ ವರ್ಷದ ಕಾಲೇಜಿನಲ್ಲಿ ಅದೇ ಕಷ್ಟವನ್ನು ತಾವೂ ಉಂಡಿದ್ದೀರಿ.

ಬಿಡುವಿಲ್ಲವೆಂದು ಕೆಲವರು ಹೇಳಿಯಾರು. ಇಪ್ಪತ್ತು ಟ್ಯಾಬುಗಳನ್ನು ಕೊಳ್ಳುವಷ್ಟು ಹಣವನ್ನು ಸಂಪಾದಿಸಲು ಎಷ್ಟು ಗಂಟೆಗಳು ಹಿಡಿದುವೋ, ಅವುಗಳಲ್ಲಿ ಹನ್ನೆರಡನ್ನು ಮಾತ್ರ ಇಲ್ಲಿ ಬೇಡಲಾಗುತ್ತಿದೆ. ಬರಲಾಗದವರು ತಮಗೆ ಗೊತ್ತಿರುವ ಸ್ಥಳೀಯ ಅಧ್ಯಾಪಕರೊಬ್ಬರನ್ನು ಒಪ್ಪಿಸಿ ಕಳುಹಿಸಲಿ. ಹಣವನ್ನೇ ಕೊಡುವೆನೆನ್ನುವವರು, ಕೋರ್ಸನ್ನು ಕೊನೆಯವರೆಗೆ ಓದಿದವರ ಪರೀಕ್ಷಾ ಶುಲ್ಕವನ್ನು ಕಟ್ಟಲಿ.

ಕೊನೆಯದಾಗಿ, ನಿಲಯಗಳ ಆಡಳಿತವರ್ಗದವರಲ್ಲಿ ಒಂದು ವಿನಂತಿ. ವಾರ್ಷಿಕ ವರದಿಯಲ್ಲಿ ಇಷ್ಟು ಟ್ಯಾಬುಗಳು ಬಂದುವು, ಇಂತಿಂಥವರು ಕೊಟ್ಟರು ಎಂದು ಅಚ್ಚುಹಾಕಿಸುವುದನ್ನು ಈ ವರ್ಷದಿಂದ ಬಿಡಿರಿ. ಎಷ್ಟು ಮಕ್ಕಳು ಕೋರ್ಸಿಗೆ ಸೇರಿದರು, ಎಷ್ಟು ಮಂದಿ ಮುಗಿಸಿದರು, ನಡುವೆ ಬಿಟ್ಟವರು ಏಕೆ ಬಿಟ್ಟರು ಎಂಬ ಮೂರು ಸಾಲುಗಳನ್ನು ಬರೆಯಿರಿ. ಆ ಸಾಲುಗಳು ಬರೆಯುವ ನಮಗೂ ಓದುವ ತಮಗೂ ನಾಚಿಕೆ ತರಬಹುದು. ತರಲಿ. ಬೀರುವಿನ ಬೀಗವನ್ನು ತೆರೆಸಲು ಆ ನಾಚಿಕೆ ಬೇಕಾಗಿದೆ.